ಲಿಲ್ಲಿ ಹೂವಿಗೆ ಇಟ್ಟ ಗಂಧ

2022ರ ಬೇಸಿಗೆ. ಕೋಲಾರದಲ್ಲಿ ಅಪ್ಪನ ಫೋಟೋ ಫ್ರೇಮಿನ ಅಂಗಡಿ ನನ್ನ ಕೈಗೆ ಬಂದು ಆಗ ಮೂವತ್ತೆಂಟು ವರ್ಷ. ಮಾಲೀಕ, ಮುಖ್ಯ ಕುಶಲಕರ್ಮಿ ಮತ್ತು ಕಸ ಗುಡಿಸುವವನು, ಈ ಮೂರೂ ಹುದ್ದೆಗಳನ್ನು ನಾನೇ ನಿರ್ವಹಿಸುತ್ತಿದ್ದೆ. ಗಾಜು ಕೊಯ್ಯುವ ಖಾತೆ ಮಾತ್ರ ಮುನಿವೆಂಕಟಪ್ಪನದು. ವಯಸ್ಸಿನಲ್ಲಿ ಅವನು ನನಗಿಂತ ಎರಡು ವರ್ಷ ಚಿಕ್ಕವನು. ಗಾಜಿನ ವಿಷಯದಲ್ಲಿ ಇಪ್ಪತ್ತು ವರ್ಷ ದೊಡ್ಡವನು.

ಆ ವರ್ಷ ನಮ್ಮ ಕಡೆ ಒಂದು ಹೊಸ ಖಯಾಲಿ ಶುರುವಾಗಿತ್ತು. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಜಪಾನಿನಲ್ಲಿ ತೆಗೆದ ಹೂವಿನ ಫೋಟೋಗಳನ್ನು ಇಂಟರ್‌ನೆಟ್ಟಿನಿಂದ ಇಳಿಸಿ, ದಪ್ಪ ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ನಡುಮನೆಯ ಗೋಡೆಗೆ ತೂಗುಹಾಕುವುದು. ಮಾಲೂರಿನ ಹೊಸ ಬಡಾವಣೆಯವರು ಸಾಲುಗಟ್ಟಿ ತಂದರು. ಸೇವಂತಿಗೆ, ಕಮಲ, ಬೆಳಗಿನ ಹೊತ್ತು ಅರಳುವ ನೀಲಿ ಬಳ್ಳಿ. ಹಿನ್ನೆಲೆ ಖಾಲಿ, ಒಂದೇ ಹೂವು, ಗ್ರೂಪ್ ಫೋಟೋಗೆ ಬಾರದೆ ಒಬ್ಬನೇ ನಿಂತ ಹೆಡ್‌ಮಾಸ್ಟರ್ ಥರ. ಮಗಳ ಮದುವೆ ಫೋಟೋ ಕೊಂಡುಹೋಗಲು ಬಂದಿದ್ದ ಗೌನಿಪಲ್ಲಿಯ ಮಾವಿನ ತೋಟದವರೊಬ್ಬರು ಇವನ್ನೆಲ್ಲ ಗಂಭೀರವಾಗಿ ಪರಿಶೀಲಿಸಿದರು. "ಹೂವು ಗೋಡೆಗ್ ಹಾಕ್ಕೊಂಡ್ ಏನ್ಮಾಡ್ತಾರಣ್ಣ? ಕಾಯಿ ಕಟ್ಟಲ್ವಲ್ಲ!" ಎಂದು ತೀರ್ಪು ಕೊಟ್ಟು ಹೊರಟರು.

ಮೇ ತಿಂಗಳ ಒಂದು ಗುರುವಾರ ಮುಳಬಾಗಿಲಿನಿಂದ ವಿಜಯಲಕ್ಷ್ಮಿ ಮೇಡಂ ಬಂದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ಚೀಲದಲ್ಲಿ ಮೂರು ಹೊಸ ಪ್ರಿಂಟುಗಳ ಜೊತೆ ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಫ್ರೇಮೂ ಇತ್ತು. ಅದರೊಳಗಿದ್ದದ್ದು ಪ್ರಿಂಟಿನ ಪ್ರಿಂಟಲ್ಲ, ಅಸಲು: ಯಾವುದೋ ಕಾಲದ ಜಪಾನೀ ಆಲ್ಬಮ್ಮಿನಿಂದ ಬಿಡಿಯಾದ ಒಂದು ಹಾಳೆ. ಬಿಳಿ ಲಿಲ್ಲಿ ಹೂವು, ಮಾಸಿದ ಹಸಿರು ಎಲೆ. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಬಿದ್ದು ಗಾಜು ಮೇಲಿನ ಮೂಲೆಯಿಂದ ಸೀಳಿತ್ತು.

"ನಂಗೆ ಕೆಲ್ಸ ಸಿಕ್ಕಾಗ ನಮ್ ಮೇಷ್ಟ್ರು ಕೊಟ್ಟಿದ್ದಿದು," ಎಂದರು. "ಭಾನುವಾರ ಶ್ರೀನಿವಾಸಪುರದಿಂದ ಊಟಕ್ಕೆ ಬರ್ತಿದಾರೆ. ಎಂಬತ್ತೆಂಟು ವರ್ಷ ಅವ್ರಿಗೆ. ಇನ್ನೊಂದ್ಸಲ ಬರ್ತಾರೋ ಇಲ್ವೋ. ಅವ್ರು ಬರೋ ಹೊತ್ತಿಗೆ ಇದು ಗೋಡೆ ಮೇಲಿರ್ಬೇಕು ನಾಗರಾಜಪ್ಪನವರೇ."

"ಇಲ್ಲೇ ಕೂತ್ಕೊಳಿ ಮೇಡಂ, ಅರ್ಧ ಗಂಟೆ," ಎಂದೆ. ಈ ವೃತ್ತಿಯಲ್ಲಿ ನಾನು ಕೊಟ್ಟ ಅತ್ಯಂತ ಅವಸರದ ಆಶ್ವಾಸನೆ ಅದು.

ಫ್ರೇಮನ್ನು ಬೋರಲು ಹಾಕಿ, ಮೊಳೆ ಕಿತ್ತು, ಹಿಂದಿನ ರಟ್ಟು ತೆಗೆದೆ. ರಟ್ಟಿನ ಒಳಮೈಯಲ್ಲಿ ಒಂದು ಅಂಗಡಿಯ ಚೀಟಿ, ಅದರ ಕೆಳಗೆ ಪೆನ್ಸಿಲಿನಲ್ಲಿ 1991 ಎಂಬ ಬರಹ. ಅಂಗಡಿ ನಮ್ಮದು. ಅಕ್ಷರ ನನ್ನದು. ಮೇಷ್ಟ್ರು ಇದನ್ನು ನನ್ನ ಬಳಿಯೇ ಕಟ್ಟಿಸಿದ್ದರು. ನನಗೆ ನೆನಪಿರಲಿಲ್ಲ, ಮೇಡಂಗೆ ಗೊತ್ತಿರಲಿಲ್ಲ.

ಹಾಳೆಯನ್ನು ಎತ್ತಲು ಹೋದೆ. ಮೂರು ಕಡೆ ಸಲೀಸಾಗಿ ಎದ್ದಿತು. ಕೆಳಗೆ, ಕಾಂಡದ ಬುಡದಲ್ಲಿ, ಗಾಜನ್ನು ಬಿಡಲೊಲ್ಲೆ ಎಂದಿತು.

ಇಲ್ಲಿ ನಮ್ಮ ಅಂಗಡಿಯ ಒಂದು ಸಂಪ್ರದಾಯವನ್ನು ಹೇಳಬೇಕು. ನಮ್ಮಪ್ಪನ ಕಾಲದಲ್ಲಿ ಕಟ್ಟಿಸಲು ಬರುತ್ತಿದ್ದುದೆಲ್ಲ ದೇವರ ಪಟಗಳೇ. ಗಾಜು ಮುಚ್ಚುವ ಮುನ್ನ ಪಟದ ಪಾದದ ಬಳಿ ಒಂದು ಬೊಟ್ಟು ಗಂಧ ಇಡಬೇಕೆಂದು ಅವರು ನನಗೆ ಕಲಿಸಿದರು. ಒಣಗಿ ಉದುರದಿರಲೆಂದು ಗಂಧಕ್ಕೆ ಚೂರು ಜಾಲಿಗೋಂದು ಕಲಸುವುದು ನನ್ನ ಸ್ವಂತ ಸಂಶೋಧನೆ. ಕಾಲಕ್ರಮೇಣ ಪಟಗಳು ಬದಲಾದರೂ ಬೆರಳು ಬದಲಾಗಲಿಲ್ಲ. ಪದವಿ ಪತ್ರಕ್ಕೂ ಇಟ್ಟಿದ್ದೇನೆ, ಹಾಲಿನ ಡೇರಿಯ ಲೈಸೆನ್ಸಿಗೂ ಇಟ್ಟಿದ್ದೇನೆ. ಜಪಾನಿನ ಲಿಲ್ಲಿಗೆ ಪಾದವಿಲ್ಲದ ಕಾರಣ ಕಾಂಡದ ಬುಡಕ್ಕೆ ಇಟ್ಟಿದ್ದೆ. ಚಿತ್ರಕ್ಕೂ ಗಾಜಿಗೂ ನಡುವೆ ಅಂತರ ಉಳಿಸಲು ಕಿಟಕಿಯಂತೆ ಕತ್ತರಿಸಿದ ದಪ್ಪ ರಟ್ಟು ಹಾಕುತ್ತಾರೆ, ಅದಕ್ಕೆ ಮೌಂಟ್ ಎನ್ನುತ್ತಾರೆ. ಆಗ ನಾವು ಅದನ್ನು ಶ್ರೀಮಂತರ ಚಟ ಎಂದುಕೊಂಡಿದ್ದೆವು. ಹಸಿ ಗಂಧದ ಮೇಲೆ ಗಾಜನ್ನು ಒತ್ತಿ ಮುಚ್ಚಿದ್ದೆ. ಮೂವತ್ತೊಂದು ವರ್ಷ ಅದು ನಿಷ್ಠೆಯಿಂದ ಹಿಡಿದುಕೊಂಡಿತ್ತು.

ಮುನಿವೆಂಕಟಪ್ಪ ಬಗ್ಗಿ ಚೀಟಿ ನೋಡಿದ, ಗಾಜು ನೋಡಿದ, ನನ್ನ ಮುಖ ನೋಡಿದ. ಆಮೇಲೆ ನನ್ನ ಕಿವಿಯಲ್ಲಿ ತೆಲುಗಿನಲ್ಲಿ ಪಿಸುಗುಟ್ಟಿದ: "ಅನ್ನಾ, ಆ ಚೀಟಿ ಪೀಕೇದ್ದಾಮಾ?"

"ಕೀಳೋದೇನೂ ಬೇಡ ಮುನಿವೆಂಕಟಪ್ಪ," ಎಂದರು ಮೇಡಂ ಬೆಂಚಿನಿಂದಲೇ. "ಮುಳಬಾಗಿಲಲ್ಲಿ ತೆಲುಗು ಬರದೆ ತರಕಾರಿನೂ ಸಿಗಲ್ಲಪ್ಪ. ಏನ್ ಚೀಟಿ ಅದು?"

ತೋರಿಸಿದೆ. ಗಂಧದ ಕಥೆಯನ್ನೂ ಹೇಳಿದೆ. ಅವರು ನಗಲಿಲ್ಲ. ಎದ್ದು ಬಂದು ಆ ಸೀಳನ್ನು ದಿಟ್ಟಿಸಿದರು. ಎತ್ತಲು ಹೋದ ಗಲಾಟೆಗೆ ಅದು ಇನ್ನೆರಡು ಇಂಚು ಕೆಳಗಿಳಿದಿತ್ತು. ಗಾಜು ಅಂಟಿದ ಜಾಗದಲ್ಲೇ ಒಡೆದರೆ ಕಾಗದವೂ ಅದರ ಜೊತೆ ಹರಿಯುತ್ತದೆ.

"ಹರಿದೋದ್ರೆ ಮೇಷ್ಟ್ರಿಗೆ ಏನಂತ ಹೇಳ್ಲಿ?" ಎಂದರು.

ನಿಜವಾದ ಭಯ ಬೇರೆಯೇ ಇತ್ತು. ಹಳೆಯ ಮಾಮೂಲಿ ಫೋಟೋಗಳಲ್ಲಿ ಚಿತ್ರವಿರುವುದು ಕಾಗದದ ಮೇಲಿನ ಜಿಲಾಟಿನ್ ಎಂಬ ತೆಳು ಪದರದಲ್ಲಿ. ನೀರು ತಾಗಿದರೆ ಅದು ಉಬ್ಬಿ, ಗಾಜಿಗೆ ಇನ್ನೂ ಬಿಗಿಯಾಗಿ ಅಂಟುತ್ತದೆ. ನೀರಿಲ್ಲದೆ ಗೋಂದು ಬಿಡದು. ನೀರು ಹಾಕಿದರೆ ಚಿತ್ರ ಉಳಿಯದು. ಮೇಡಂ ಚೀಲದಿಂದ ಕೇಸರ, ಪರಾಗ ನೋಡುವ ಪುಟ್ಟ ಮಸೂರ ತೆಗೆದರು. ಎದ್ದಿದ್ದ ಅಂಚಿಗೆ ಕಣ್ಣು ಹಚ್ಚಿ ಬಹಳ ಹೊತ್ತು ನೋಡಿದರು.

"ಹೊಳಪಿನ ಪದರ ಇಲ್ಲ. ಶಾಯಿ ನಾರಿನೊಳಗೆ ಇಳಿದಿದೆ," ಎಂದರು. "ಮೇಷ್ಟ್ರು ಹೇಳಿದ್ರು, ಇದು ಫೋಟೋ ತೆಗೆದು ಶಾಯಿಯಲ್ಲಿ ಅಚ್ಚು ಹಾಕಿದ್ದು ಅಂತ. ಕಾಲೋಟೈಪ್."

"ಅಂದ್ರೆ ನೀರು ತಡೆಯುತ್ತಾ ಮೇಡಂ?"

"ಕಪ್ಪು ತಡೆಯುತ್ತೆ. ಹಸಿರು ಕೈಯಲ್ಲಿ ಬಳಿದಿದ್ರೆ ಕಷ್ಟ."

ಹತ್ತಿಯ ತುದಿಯನ್ನು ಒದ್ದೆ ಮಾಡಿ, ಎಲೆಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಜಾಗಕ್ಕೆ ತಾಗಿಸಿದೆ. ಮೂವರೂ ಹತ್ತಿಯನ್ನು ನೋಡಿದೆವು. ಬೆಳ್ಳಗೇ ಇತ್ತು. ಮುನಿವೆಂಕಟಪ್ಪ ಎರಡೂ ಕೈ ಮುಗಿದ, ಯಾವ ದೇವರಿಗೆಂದು ಹೇಳಲಿಲ್ಲ.

ಪುಣ್ಯಕ್ಕೆ 1991ರಲ್ಲಿ ಹಾಳೆಯನ್ನು ರಟ್ಟಿಗೆ ಅಂಟಿಸಿರಲಿಲ್ಲ. ಆ ದಿನ ಮೈದಾ ಅಂಟು ಮುಗಿದಿತ್ತೇನೋ. ಹಾಗಾಗಿ ಹಿಂಬದಿ ಕೈಗೆಟುಕುತ್ತಿತ್ತು. ಒದ್ದೆ ಮಾಡಿ ಹಿಂಡಿದ ಬ್ಲಾಟಿಂಗ್ ಪೇಪರನ್ನು ನಾಣ್ಯದಷ್ಟು ಅಗಲ ಕತ್ತರಿಸಿ, ಬೊಟ್ಟಿನ ನೇರಕ್ಕೆ ಬೆನ್ನ ಮೇಲಿಟ್ಟೆ. ತೇವ ಕಾಗದದ ಮೂಲಕ ಇಳಿದು ಗೋಂದನ್ನು ಮೆತ್ತಗೆ ಮಾಡಲೆಂದು ನಲವತ್ತು ನಿಮಿಷ ಬಿಟ್ಟೆ. ಅಷ್ಟರಲ್ಲಿ ಎರಡು ಸಲ ಟೀ ಬಂತು, ಯಾರೂ ಕುಡಿಯಲಿಲ್ಲ.

ಇನ್ನು ಕಾಗದಕ್ಕೂ ಗಾಜಿಗೂ ನಡುವೆ ಏನನ್ನಾದರೂ ತೂರಿಸಿ ಬಿಡಿಸಬೇಕು. ಬ್ಲೇಡು ಇಟ್ಟರೆ ಕೊಯ್ಯುತ್ತದೆ. ಹೊಲಿಗೆ ದಾರ ದಪ್ಪವಾಯಿತು. ಮುನಿವೆಂಕಟಪ್ಪನ ಕಣ್ಣು ಮೇಡಂ ಸೀರೆಯ ಸೆರಗಿನ ಮೇಲೆ ಬಿತ್ತು.

"ಅಮ್ಮ, ತಪ್ಪು ತಿಳ್ಕೋಬೇಡಿ. ಆ ಕುಚ್ಚು ಅಸಲಿ ರೇಷ್ಮೇನಾ?"

"ನಮ್ಮನೇಲೇ ಹುಳ ಸಾಕಿ ತೆಗೆದಿದ್ದಲ್ಲ. ಆದ್ರೂ ಅಸಲೀನೇ," ಎಂದು ಮೇಡಂ ಕುಚ್ಚಿನಿಂದ ಒಂದು ಎಳೆಯನ್ನು ಸರಕ್ಕನೆ ಎಳೆದುಕೊಟ್ಟರು.

ಮುನಿವೆಂಕಟಪ್ಪ ಸೀಳಿನ ಎರಡೂ ಬದಿ ಅಂಗೈಯೂರಿ ಗಾಜನ್ನು ಹಿಡಿದ. ಎಳೆಯ ಒಂದು ತುದಿ ಮೇಡಂ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಮರ ಕೊಯ್ಯುವವರಂತೆ ಅತ್ತ ಇತ್ತ, ಉಸಿರು ಬಿಡದೆ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಎಳೆದೆವು.

"ನಿಧಾನ ಅನ್ನಾ, ನಿಧಾನ. ಲೇ, ಕೆಮ್ಮಬ್ಯಾಡ್ರೋ!" ಎಂದು ಅವನು ಬಾಗಿಲಲ್ಲಿ ನಿಂತಿದ್ದ ಗಿರಾಕಿಗಳಿಗೂ ಆಜ್ಞೆ ಹೊರಡಿಸಿದ.

ಎಳೆ ಒಮ್ಮೆಲೇ ಹಗುರವಾಯಿತು. ಹಾಳೆ ನನ್ನ ಅಂಗೈ ಮೇಲೆ ಮಲಗಿತು. ಅರೆಕ್ಷಣದಲ್ಲಿ ಗಾಜು ಎರಡು ಹೋಳಾಯಿತು, ಖಾಲಿ ಗಾಜು. ಕಾಂಡದ ಬುಡದಲ್ಲಿ ತೊಗರಿ ಕಾಳಿನಷ್ಟು ಹಳದಿ ಕಲೆ ಉಳಿದಿತ್ತು, ಅಷ್ಟೇ. ಮೇಡಂ ಬೆಂಚಿನ ಮೇಲೆ ಕೂತು ಮೊದಲ ಸಲ ನಕ್ಕರು. ನಾನೂ ಕೂತು, ಆರಿಹೋಗಿದ್ದ ಟೀ ಎತ್ತಿಕೊಂಡೆ.

ಭಾನುವಾರ ಬೆಳಿಗ್ಗೆ ನಾನೇ ಮುಳಬಾಗಿಲಿಗೆ ಹೋಗಿ ನಾಲ್ಕೂ ಫ್ರೇಮುಗಳನ್ನು ತೂಗುಹಾಕಿದೆ. ನಾಲ್ಕಕ್ಕೂ ಮೌಂಟ್, ನಾಲ್ಕಕ್ಕೂ ತೆಳುವಾದ ತೇಗದ ಪಟ್ಟಿ. ಊಟಕ್ಕೆ ನಿಲ್ಲಿಸಿಕೊಂಡರು. ಹನ್ನೆರಡಕ್ಕೆ ಮೇಷ್ಟ್ರು ಕೋಲೂರಿಕೊಂಡು ಬಂದರು. ಹೊಸ ಪ್ರಿಂಟುಗಳ ಮುಂದೆ ಹಾದು ಲಿಲ್ಲಿಯ ಮುಂದೆ ನಿಂತರು. ಮೇಡಂ ಕೈಕಟ್ಟಿ ನಿಂತಿದ್ದರು, ನಾನು ಅವರ ಹಿಂದೆ.

"ವಿಜಯಾ, ಕೇಸರ ಎಷ್ಟಮ್ಮ?"

"ಆರು ಸಾರ್. ಲಿಲ್ಲಿಗೆ ಆರು."

"ಲಿಲ್ಲಿಗೆ ಎಷ್ಟು ಅಂತ ಪುಸ್ತಕ ಹೇಳತ್ತೆ. ಇಲ್ಲಿ ಎಷ್ಟು ಕಾಣತ್ತೆ?"

ಮೇಡಂ ಹತ್ತಿರ ಹೋಗಿ ಎಣಿಸಿದರು. "ಐದು ಸಾರ್. ಒಂದು ದಳದ ಹಿಂದೆ ಮರೆಯಾಗಿದೆ."

"ಹಾಗಾದ್ರೆ ಐದು ಅನ್ನು. ಆವತ್ತು ಕ್ಲಾಸಲ್ಲಿ ಇದನ್ನ ತೋರಿಸಿ ಕೇಳಿದಾಗ್ಲೂ ಆರು ಅಂದಿದ್ದೆ ನೀನು. ಅದಕ್ಕೇ ಇದನ್ನ ನಿಂಗೆ ಕೊಟ್ಟಿದ್ದು." ಮೇಷ್ಟ್ರು ತೃಪ್ತಿಯಿಂದ ತಲೆಯಾಡಿಸಿ, "ಚೆನ್ನಾಗಿಟ್ಕೊಂಡಿದೀಯ. ನಡಿ, ಹಸಿವಾಗ್ತಿದೆ," ಎಂದರು.

ಬೈಗುಳ ಮೇಡಂಗೆ, ಪಾಠ ನನಗೆ. ಮೂವತ್ತೆಂಟು ವರ್ಷ ನಾನೂ ಆರು ಎನ್ನುತ್ತಲೇ ಬಂದಿದ್ದೆ. ಗಾಜಿನ ಕೆಳಗೆ ಏನಿದೆಯೆಂದು ನೋಡದೆ, ಕೈ ಕಲಿತದ್ದನ್ನು ಕೈ ಮಾಡುತ್ತಿತ್ತು. ಪದ್ಧತಿ ದೊಡ್ಡದು, ಸಂದೇಹವಿಲ್ಲ. ಆದರೆ ಮೇಜಿನ ಮೇಲಿರುವ ವಸ್ತು ಅದಕ್ಕಿಂತ ದೊಡ್ಡದು. ಈಗ ಯಾರು ಏನು ತಂದರೂ ಮೊದಲು ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಚಿತ್ರವನ್ನು ನೋಡುತ್ತೇನೆ. ನಾನು ಅನುಮಾನಿಸುತ್ತಿದ್ದೇನೆ ಎಂದುಕೊಂಡು ಕೆಲವು ಗಿರಾಕಿಗಳು ಬೇಸರಪಡುತ್ತಾರೆ. ಪಡಲಿ.