ಜೆಪ್ಪುವಿನಿಂದ ಮಗಳನ್ನು ಕರೆತರಲು ಹೋದದ್ದು

ಆಗಸ್ಟ್ ತಿಂಗಳ ಆ ಭಾನುವಾರ ಗದಗಿನ ನಮ್ಮ ಮನೆಯಲ್ಲಿ ವಿಶೇಷವಾದದ್ದು ಏನೂ ನಡೆಯಲಿಲ್ಲ. ಪಂಚಮಿ ಹಬ್ಬಕ್ಕೆ ಬಂದಿದ್ದ ನನ್ನ ಹೆಂಡತಿ ನೀಲಾ ಬೆಳಿಗ್ಗೆ ತಲೆ ಎರೆದುಕೊಂಡು ಮಾಳಿಗೆಯ ಮೇಲೆ ಕೂದಲು ಒಣಗಿಸಿದಳು. ಮಂಗಳೂರಿನಲ್ಲಿ ಮಳೆ ನಿಲ್ಲುವವರೆಗೆ ಕೂದಲೂ ಒಣಗುವುದಿಲ್ಲ, ಬಟ್ಟೆಯೂ ಒಣಗುವುದಿಲ್ಲ ಎಂದು ಗೊಣಗಿದಳು. ಮಧ್ಯಾಹ್ನ ಗರಿಗರಿ ಕಟಕ ರೊಟ್ಟಿಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿಕೊಂಡಳು. ಒಂಬತ್ತನೆಯ ತರಗತಿಯ ಮಗಳು ಅಕ್ಷತಾ ಶಾಲೆಯ ಯಾವುದೋ ಚಾರ್ಟು ಬಾಕಿ ಇದೆಯೆಂದು ಒಳಗೂ ಹೊರಗೂ ಓಡಾಡುತ್ತಿದ್ದಳು. ಸಂಜೆ ಇಬ್ಬರನ್ನೂ ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿದೆ. ಬಸ್ಸು ಹೊರಟಾಗ ನೀಲಾ ಕಿಟಕಿಯಿಂದ, "ಅವ್ವನ ಗುಳಗಿ ತರೂದು ಮರೀಬ್ಯಾಡ್ರಿ" ಎಂದಳು. ನಾನು ತಲೆ ಆಡಿಸಿದೆ. ಮುಂದಿನ ವಾರ ಅವಳಿಗೆ ಜ್ವರ ಬಂತು. ಡೆಂಗಿ ಎಂದರು. ನಾನು ಮಂಗಳೂರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನೀಲಾ ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರು. ನೌಕರಿ ಸಿಕ್ಕಿದ್ದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ನಮ್ಮ ಕಡೆಯಿಂದ ಹಾಗೆ ಕರಾವಳಿಯ ಶಾಲೆಗಳಿಗೆ ಹೋದವರು ಬಹಳ ಮಂದಿ ಇದ್ದಾರೆ. ನಾನು ಗದಗಿನ ಒಂದು ಮುದ್ರಣಾಲಯದಲ್ಲಿ ಪುಸ್ತಕ ಬೈಂಡಿಂಗ್ ಮಾಡುವವನು, ಓದಿದ್ದು ಹತ್ತನೆಯವರೆಗೆ. ವರ್ಗಾವಣೆ ಈ ವರ್ಷ ಆದೀತು, ಬರುವ ವರ್ಷ ಆದೀತು ಎನ್ನುತ್ತ ಅವಳು ಜೆಪ್ಪುವಿನ ಬಾಡಿಗೆ ಮನೆಯಲ್ಲಿ ಉಳಿದಳು, ನಾನು ಅವ್ವನ ಜೊತೆ ಗದಗಿನಲ್ಲಿ ಉಳಿದೆ. ಅಕ್ಷತಾ ಒಂದನೆಯ ತರಗತಿಯಿಂದಲೂ ತಾಯಿಯ ಜೊತೆಗೇ ಬೆಳೆದವಳು. ನೀಲಾಳಿಗೆ ಗದಗಿನಲ್ಲಿ ಮಣ್ಣು ಕೊಟ್ಟು, ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿದ ಮೇಲೆ, ಪರೀಕ್ಷೆ ಹತ್ತಿರ ಬಂತೆಂದು ಅವಳು ಮನೆಯೊಡತಿ ಯಶೋದಕ್ಕನ ಹತ್ತಿರ ಹಿಂದಿರುಗಿದ್ದಳು. ದೀಪಾವಳಿ ಈ ವರ್ಷ ನಮಗಿರಲಿಲ್ಲ. ಹಬ್ಬ ಮುಗಿದ ಮರುವಾರ, ಅಕ್ಷತಾಳ ಟಿಸಿ ತೆಗೆಸಿ ಅವಳನ್ನು ಕಾಯಂ ಆಗಿ ಮನೆಗೆ ಕರೆತರಬೇಕೆಂದು ಹೊರಟೆ.

ಹುಬ್ಬಳ್ಳಿಯಿಂದ ಮಂಗಳೂರಿಗೆ ಮುನ್ನೂರೈವತ್ತು ಕಿಲೋಮೀಟರಿನ ಆಸುಪಾಸು. ನಸುಕಿನಲ್ಲಿ ಹೊರಡುವ ಸರ್ಕಾರಿ ಬಸ್ಸು ಹಿಡಿದೆ. ಟಿಕೆಟ್ಟು ಐದು ನೂರು ರೂಪಾಯಿ ದಾಟಿತು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ನೀಲಾ ಊರಿಗೆ ಬರುವುದು ಹೆಚ್ಚಾಗಿತ್ತು. ಈ ದಾರಿಯ ಒಂದೊಂದು ತಿರುವೂ ಅವಳಿಗೆ ಗೊತ್ತಿತ್ತು. ನನಗೆ ಯಲ್ಲಾಪುರದವರೆಗೂ ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕಿಟಕಿ ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ.

ಪಕ್ಕದಲ್ಲಿ ಕೊಪ್ಪಳ ಕಡೆಯ ಗೊಬ್ಬರದಂಗಡಿಯವರೊಬ್ಬರು ಕುಳಿತಿದ್ದರು. ದೀಪಾವಳಿ ರಜೆ ಮುಗಿಸಿದ ಮಗನನ್ನು ಮಂಗಳೂರಿನ ಪಿಯು ಕಾಲೇಜಿನ ಹಾಸ್ಟೆಲ್ಲಿಗೆ ಬಿಡಲು ಹೊರಟಿದ್ದರು. ಮಗ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ.

"ನೀವು?" ಎಂದರು.

"ಮಗಳನ್ನ ಕರಕೊಂಡು ಬರಾಕ."

"ಯಾಕ್ರಿ, ಫೇಲಾದಳೇನು?"

"ಇಲ್ಲರಿ. ಹುಡುಗಿ ಶ್ಯಾಣ್ಯಾ ಅದಾಳ."

"ಮತ್ತ? ನಮ್ಮ ಕಡಿ ಮಂದಿ ಎಲ್ಲಾ ಅಲ್ಲಿ ಒಂದು ಸೀಟು ಸಿಕ್ಕರ ಸಾಕು ಅಂತ ಕೈ ಮುಗೀತಾರ. ನೀವು ಸಿಕ್ಕದ್ದನ್ನ ಬಿಡಿಸಿಕೊಂಡು ಬರಾಕ ಹೊಂಟೀರಿ."

ನಾನು ಕಾರಣ ಹೇಳಿದೆ. ಅವರು ಡಬ್ಬಿ ತೆಗೆದು ಒಂದು ಶೇಂಗಾ ಉಂಡಿ ನನ್ನ ಕೈಯಲ್ಲಿಟ್ಟರು. ಅರಬೈಲ್ ಘಟ್ಟ ಇಳಿದ ಕೂಡಲೇ ಅಂಗಿ ಬೆನ್ನಿಗೆ ಅಂಟಿತು. ಕುಮಟಾದಲ್ಲಿ ಊಟಕ್ಕೆ ನಿಲ್ಲಿಸಿದರು. ಅನ್ನ ಸಾಂಬಾರು ಮುಂದಿಟ್ಟುಕೊಂಡು ಎರಡು ತುತ್ತು ತಿಂದೆ. ಕಂಡಕ್ಟರ್ ಕರೆಯುವ ಮೊದಲೇ ಬಂದು ಬಸ್ಸಿನ ಬಾಗಿಲಲ್ಲಿ ನಿಂತುಕೊಂಡೆ.

ಮಂಗಳೂರಿನ ಬಿಜೈ ನಿಲ್ದಾಣಕ್ಕೆ ಬಂದಾಗ ಇನ್ನೂ ಬೆಳಕಿತ್ತು. ಹಿಂದೆಲ್ಲ ನೀಲಾ ಅಲ್ಲಿಗೇ ಬಂದು ನಿಂತಿರುತ್ತಿದ್ದಳು. ಅವಳ ಹಿಂದೆ ಹೋಗಿ ಸಿಟಿ ಬಸ್ಸು ಹತ್ತುವುದಷ್ಟೇ ನನ್ನ ಕೆಲಸ. ಈ ಸಲ ಒಬ್ಬನೇ ಹತ್ತಿದೆ. ಬಸ್ಸಿನ ತುಂಬ ಕಾಲೇಜಿನ ಮಕ್ಕಳು. ಸ್ವಲ್ಪ ದೂರ ಹೋದ ಮೇಲೆ ಕಂಡಕ್ಟರ್ ಸೀಟಿ ಊದಿ, "ಜಪ್ಪುಲೆ, ಜಪ್ಪುಲೆ, ಬೇಗ" ಎಂದು ಕೂಗಿದ. ನಾನು ಚೀಲ ಎತ್ತಿಕೊಂಡು ಎಲ್ಲರನ್ನೂ ತಳ್ಳಿ ಇಳಿದೆ. ಬಸ್ಸು ಹೋಯಿತು. ಎದುರಿಗೆ ಎತ್ತರದ ಕಟ್ಟಡಗಳು, ಕದಲದ ವಾಹನಗಳು. ಇದು ಜೆಪ್ಪು ಅನ್ನಿಸಲಿಲ್ಲ.

ಜ್ಯೂಸ್ ಅಂಗಡಿಯವನನ್ನು ಕೇಳಿದೆ. "ಇದು ಕೊಡಿಯಾಲ್‌ಬೈಲ್ ಅಲ್ವಾ" ಎಂದ.

"ಕಂಡಕ್ಟರ್ ಜೆಪ್ಪು ಅಂದನಲ್ಲರಿ."

ಅವನು ಮಿಕ್ಸರ್ ನಿಲ್ಲಿಸಿ ನಕ್ಕ. "ಅವ ಹೇಳಿದ್ದು ಇಳೀರಿ ಅಂತ ಮಾರಾಯ್ರೆ. ಜಪ್ಪುಲೆ ಅಂದ್ರೆ ತುಳುವಲ್ಲಿ ಇಳೀರಿ. ಜೆಪ್ಪುವಿಗೆ ಇನ್ನೂ ದೂರ ಉಂಟು. ಪುಣ್ಯ, ಎರಡು ಸ್ಟಾಪ್ ಮೊದಲೇ ಇಳೀಲಿಲ್ಲ ನೀವು."

ಆಟೋ ಹುಡುಕುತ್ತ ನಡೆದೆ. ಗೋಡೆಗಳ ಮೇಲೆ, ಕಂಬಗಳ ಮೇಲೆ ಕೋಚಿಂಗ್ ಕೇಂದ್ರಗಳ ಫ್ಲೆಕ್ಸುಗಳು. ಒಂದೊಂದರಲ್ಲೂ ಅಂಚೆಚೀಟಿಯಂತೆ ಸಾಲಾಗಿ ಮಕ್ಕಳ ಮುಖ, ಕೆಳಗೆ ರ‍್ಯಾಂಕು. ಅಂಥ ಪರೀಕ್ಷೆಗಳ ಗೈಡುಗಳನ್ನು ನಾನು ದಿನವೂ ಹೊಲಿದು ಅಂಟು ಹಚ್ಚುತ್ತೇನೆ. ಅವನ್ನು ಓದುವವರನ್ನು ಇಷ್ಟು ಜನರನ್ನು ಒಟ್ಟಿಗೆ ನೋಡಿರಲಿಲ್ಲ. ಬೆನ್ನಿಗೆ ಭಾರದ ಚೀಲ ಹಾಕಿಕೊಂಡ ಹುಡುಗಿಯರು ಗುಂಪಾಗಿ ರಸ್ತೆ ದಾಟುತ್ತಿದ್ದರು. ಅವರ ನಡುವೆ ಅಕ್ಷತಾಳ ಎತ್ತರದವರು ಕಂಡಾಗಲೆಲ್ಲ ನಿಂತು ನೋಡಿದೆ.

ಯಶೋದಕ್ಕನ ಮನೆ ಜೆಪ್ಪುವಿನ ಒಳರಸ್ತೆಯಲ್ಲಿದೆ. ಅವರದು ಹಿಂದಿನಿಂದಲೂ ಸಮುದ್ರಕ್ಕೆ ಹೋಗುವ ಮನೆತನ. ಗಂಡ ಈಗಲೂ ಮೀನಿನ ಬೋಟಿನಲ್ಲಿ ದುಡಿಯುತ್ತಾರೆ. ಮೀನು ಮುಟ್ಟದ ನೀಲಾ ಅದೇ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಇಷ್ಟು ವರ್ಷ ಇದ್ದಳು. ನಾನು ಇಳಿದ ಕತೆ ಕೇಳಿ ಅಕ್ಷತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಾಯಿ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ಅಪ್ಪಾ, ನಿಮ್ಮನ್ನು ಒಬ್ಬರನ್ನೇ ಬಿಡ್ಲಿಕ್ಕೇ ಆಗುವುದಿಲ್ಲ" ಎಂದಳು.

ಆ ನಗುವಿನ ಮೇಲೆಯೇ ನಾನು ಹೇಳಿಬಿಟ್ಟೆ: "ಅದಕ್ಕ ನೀ ನನ್ನ ಜೋಡಿ ಬಂದುಬಿಡು. ಟಿಸಿ ತಗೊಂಡು ಹೋಗೂಣು."

ಅವಳು ಎದ್ದು ಒಳಗೆ ಹೋದಳು. ಯಶೋದಕ್ಕ ಚಹದ ಲೋಟವನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟರು.

"ಕರ್ಕೊಂಡು ಹೋಗಿ, ಹೋಗಿ. ಅಲ್ಲಿ ರೊಟ್ಟಿ ಮಾಡ್ಲಿಕ್ಕೆ ಜನ ಬೇಕಲ್ಲ ನಿಮಗೆ."

"ಹಂಗಲ್ಲ ಯಶೋದಕ್ಕ."

"ಮತ್ತೆ ಹೇಗೆ? ನಾನು ಶಾಲೆ ಬಿಟ್ಟದ್ದು ನಾಲ್ಕನೇ ಕ್ಲಾಸಿಗೆ. ಅಮ್ಮ ಮೀನು ಮಾರ್ಲಿಕ್ಕೆ ಹೋಗುವಾಗ ತಮ್ಮನನ್ನು ನೋಡ್ಲಿಕ್ಕೆ ಜನ ಇರ್ಲಿಲ್ಲ. ಈಗ ಆ ತಮ್ಮ ಬ್ಯಾಂಕಿನಲ್ಲಿ ಆಫೀಸರ್. ನನಗೆ ಹೊಟ್ಟೆಕಿಚ್ಚೆಲ್ಲ ಎಂತ ಇಲ್ಲ. ಆದ್ರೆ ಅವ ಇಲ್ಲಿ ಬಂದು ಇಂಗ್ಲಿಷ್ ಪೇಪರ್ ಬಿಡಿಸಿ ಕೂತ್ರೆ ನಾನು ಎದ್ದು ಅಡುಗೆಕೋಣೆಗೆ ಹೋಗ್ತೇನೆ."

ಅವ್ವನಿಗೆ ಈಗ ಒಲೆಯ ಮುಂದೆ ಕೂರಲು ಆಗುವುದಿಲ್ಲ ಎಂಬುದು ನಿಜ. ಆದರೆ ನಾನು ಬಂದದ್ದು ಅದಕ್ಕಲ್ಲ. ಸಂಜೆ ಬಾಗಿಲು ತೆಗೆದರೆ ಒಳಗೆ ನಮ್ಮವರೊಬ್ಬರು ಇರಲಿ ಎಂದು ಬಂದಿದ್ದೆ. ಅದನ್ನು ಅವರಿಗೆ ಹೇಳುವುದು ಹೇಗೆಂದು ತಿಳಿಯಲಿಲ್ಲ.

ಮರುದಿನ ಅಕ್ಷತಾ ತನ್ನ ಹೈಸ್ಕೂಲಿಗೆ ಹೋದಳು. ನಾನು ನೀಲಾಳ ಶಾಲೆಗೆ ಹೋದೆ. ಅವಳ ಕೊಡೆ, ಒಂದು ಜೊತೆ ಚಪ್ಪಲಿ, ಊಟದ ಡಬ್ಬಿ ಅಲ್ಲಿ ಉಳಿದಿದ್ದವು. ಮನೆಯಿಂದ ನಡೆದರೆ ಹತ್ತಿರವೇ. ಮುಂಚಿನ ರಾತ್ರಿ ಮಳೆ ಬಂದು ಅಂಗಳ ಒದ್ದೆಯಾಗಿತ್ತು, ಆದರೂ ಸೆಕೆ. ಎರಡನೆಯ ತರಗತಿಯ ಬಾಗಿಲಲ್ಲಿ ನಿಂತಾಗ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ಹೇಳಿದಳು:

"ಕುಂದರ್ರಿ ಸರ್. ಹೆಡ್ ಟೀಚರ್ ಈಗ ಬರ್ತಾರ್ರಿ."

ನಮ್ಮ ಕಡೆಯ ಮಾತು. ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಬರುವ ನಮ್ಮವರ ಮಗು ಎಂದುಕೊಂಡೆ. "ಯಾವ ಊರವ್ವಾ ನಿಂದು? ಕೊಪ್ಪಳೇನು?" ಎಂದು ಕೇಳಿದೆ.

"ಅಲ್ಲರಿ. ಬೋಳಾರ."

ಬೋಳಾರ ಇಲ್ಲಿಯೇ, ಪಕ್ಕದಲ್ಲಿ. "ನಿಮ್ಮ ಅಪ್ಪ?"

"ಬೋಟಿಗೆ ಹೋಗ್ತಾರ್ರಿ."

ಹಿಂದಿನಿಂದ ಇನ್ನೊಂದು ಮಗು, "ಸರ್, ಇವ ನನ್ನ ಪಾಟಿ ಕೊಡವಲ್ಲರಿ" ಎಂದಿತು. ಸ್ಲೇಟಿಗೆ ಈ ಊರಿನಲ್ಲಿ ಯಾರೂ ಪಾಟಿ ಎನ್ನುವುದಿಲ್ಲ. ಕೊಡುತ್ತಿಲ್ಲ ಎನ್ನುವುದಕ್ಕೆ ‘ಕೊಡವಲ್ಲ’ ಎನ್ನುವವರಂತೂ ಇಲ್ಲವೇ ಇಲ್ಲ.

ಹೆಡ್ ಟೀಚರ್ ಬಂದರು. ನಿವೃತ್ತಿಗೆ ಹತ್ತಿರವಾದವರು, ಗದ್ದೆ ತೋಟ ಇದ್ದ ದೊಡ್ಡ ಮನೆತನದವರೆಂದು, ಅಣ್ಣಂದಿರೆಲ್ಲ ಹೋಟೆಲು ನಡೆಸುತ್ತಾರೆಂದು ನೀಲಾ ಹೇಳಿದ್ದಳು. ನನ್ನ ಮುಖ ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು.

"ಕೇಳಿದ್ರಾ? ಅದು ನಿಮ್ಮ ನೀಲಾ ಟೀಚರ್ ಮಾಡಿದ್ದು. ಮನೆಯಲ್ಲಿ ಇವರಿಗೆಲ್ಲ ತುಳು, ಬ್ಯಾರಿ. ಕನ್ನಡ ಅಂತ ಒಂದು ಉಂಟು ಅಂತ ಗೊತ್ತಾದದ್ದೇ ಅವರ ಬಾಯಿಂದ. ಒಮ್ಮೆ ಶಿಕ್ಷಣ ಇಲಾಖೆಯ ಆಫೀಸಿಂದ ಬಂದವರು ಕೇಳಿದ್ರು, ಎಂತ ಟೀಚರ್, ಎಲ್ಲ ಘಟ್ಟದ ಮೇಲಿನವರ ಮಕ್ಕಳಾ ಅಂತ. ಅಲ್ಲ ಸರ್, ಮಕ್ಕಳು ನಮ್ಮವರೇ, ಟೀಚರ್ ಮಾತ್ರ ಅಲ್ಲಿಯವರು ಅಂದೆ."

"ತಪ್ಪು ಅಂದರೇನ್ರಿ ಅವರು?"

"ಅಂದ್ರು. ನೀಲಾ ಟೀಚರ್ ಎಂತ ಹೇಳಿದ್ರು ಗೊತ್ತುಂಟಾ? ಮೊದಲು ಬಾಯಿ ಬಿಡಲಿ ಸರ, ಆಮೇಲೆ ತಿದ್ದೂಣು ಅಂತ." ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಹೊಸ ಟೀಚರ್ ಬರ್ತಾರೆ. ಆಮೇಲೆ ಇವರ ಬಾಯಿ ಬೇರೆ ಆಗ್ತದೆ. ಅಷ್ಟು ದಿನ ಮಕ್ಕಳು ಉಳಿಯಬೇಕು ಮತ್ತೆ. ಎಲ್ಲರೂ ಇಂಗ್ಲಿಷ್ ಮೀಡಿಯಂ ಅಂತ ಹೋಗ್ತಾರೆ. ನನ್ನ ಮೊಮ್ಮಗಳೇ ಇಂಗ್ಲಿಷ್ ಮೀಡಿಯಂ. ನಾನು ಯಾರಿಗೆ ಬುದ್ಧಿ ಹೇಳುವುದು?"

ಆ ಮಕ್ಕಳನ್ನು ಇನ್ನೂ ಮಾತಾಡಿಸಬೇಕೆನಿಸಿತು, ಅಲ್ಲಿಂದ ಓಡಬೇಕೆಂದೂ ಅನಿಸಿತು. ಕೊಡೆ, ಚಪ್ಪಲಿ, ಡಬ್ಬಿ ಹಿಡಿದುಕೊಂಡು ಹೊರಟೆ. ಮನೆಗೆ ಹೋಗಲಿಲ್ಲ. ಗುರುತಿಲ್ಲದ ರಸ್ತೆಗಳಲ್ಲಿ ಮಧ್ಯಾಹ್ನದವರೆಗೆ ತಿರುಗಿದೆ. ಒಂದೆಡೆ ಎಳನೀರು ಕುಡಿದೆ, ಇನ್ನೊಂದೆಡೆ ಹಂಚಿನ ಮನೆಯ ಜಗಲಿಯಲ್ಲಿ ಕುಳಿತು, ಒಳಗಿನಿಂದ ಯಾರೋ ಕೆಮ್ಮಿದ್ದು ಕೇಳಿ ಎದ್ದೆ.

ಸಂಜೆ ಅಕ್ಷತಾ ನನ್ನನ್ನು ನೇತ್ರಾವತಿಯ ದಂಡೆಗೆ ಕರೆದುಕೊಂಡು ಹೋದಳು. ನದಿ ಅಲ್ಲಿ ಸಮುದ್ರದ ಹತ್ತಿರ ಬಂದು ಬಹಳ ಅಗಲವಾಗಿದೆ. ದಾರಿಯಲ್ಲಿ ಎದುರಾದವರ ಜೊತೆಗೆಲ್ಲ ಅವಳು ತುಳುವಿನಲ್ಲಿ ಮಾತಾಡಿದಳು. ನಾನು ಏನೂ ಅರ್ಥವಾಗದೆ ಪಕ್ಕದಲ್ಲಿ ನಿಂತಿರುತ್ತಿದ್ದೆ.

"ಅಪ್ಪಾ," ಎಂದಳು, "ನಾನು ಒಂದನೇ ಕ್ಲಾಸಿಗೆ ಬಂದಾಗ ಇಲ್ಲಿ ನನ್ನನ್ನು ‘ರೀ’ ಅಂತ ಕರೀತಿದ್ರು. ‘ಏ ರೀ, ಇಲ್ಲಿ ಬಾ’ ಅಂತ. ಆ ವರ್ಷ ಕ್ಲಾಸಲ್ಲಿ ಬಾಯೇ ಬಿಡ್ಲಿಲ್ಲ ನಾನು. ಅಮ್ಮ ಬೇರೆ ಶಾಲೆಯಲ್ಲಿ ಇದ್ರಲ್ಲ, ಅವರಿಗೆ ಗೊತ್ತೇ ಆಗ್ಲಿಲ್ಲ. ಆಮೇಲೆ ಇಲ್ಲಿಯ ಮಾತು ಕಲಿತೆ."

"ಈಗ ನಮ್ಮೂರಿಗೆ ಹೋದರ ಏನಾತು? ಅದು ನಿನ್ನ ಊರಲ್ಲೇನು?"

"ಅಲ್ಲಿ ‘ಎಂತ’ ಅಂದ ಕೂಡ್ಲೆ ನಗ್ತಾರೆ. ಅಮ್ಮನನ್ನು ಮಣ್ಣು ಮಾಡಿದ ದಿನವೂ ನಕ್ಕರು."

"ಯಾರು?"

"ದೊಡ್ಡಪ್ಪನ ಮನೆಯ ಮಕ್ಕಳು. ಹೇಗಾಯ್ತು ಅಂತ ಕೇಳಿದ್ರು. ‘ಎಂತ ಆಯ್ತು ಅಂತ ನನಗೂ ಗೊತ್ತಿಲ್ಲ, ಜ್ವರ ಉಂಟು ಅಂತ ಹೇಳ್ತಿದ್ರು’ ಅಂದೆ. ಅಷ್ಟಕ್ಕೇ ನಕ್ಕರು." ಅವಳು ನೀರಿನ ಕಡೆ ನೋಡುತ್ತಿದ್ದಳು. "ಪಾಠ ಎಲ್ಲಿ ಬೇಕಾದ್ರೂ ಓದ್ತೇನೆ ಅಪ್ಪಾ. ಇನ್ನೊಂದು ಸಲ ಬಾಯಿ ಮುಚ್ಚಿಕೊಂಡು ಕೂತ್ಕೊಳ್ಳಿಕ್ಕೆ ನನಗೆ ಆಗುವುದಿಲ್ಲ. ಹತ್ತನೇದು ಇಲ್ಲೇ ಮುಗೀಲಿ. ಆಮೇಲೆ ನೀವು ಹೇಳಿದ ಹಾಗೆ."

ಬರಲೇಬೇಕೆಂದು ನಾನು ಒತ್ತಾಯಿಸಿದ್ದರೆ ಅವಳು ಬರುತ್ತಿದ್ದಳು. ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಟಿಸಿಗೆಂದು ಅವಳ ಜೊತೆ ಹೈಸ್ಕೂಲಿಗೆ ಹೋದೆ. ಗೇಟಿನ ಹತ್ತಿರ ಅವಳ ಗೆಳತಿಯೊಬ್ಬಳು ತುಳುವಿನಲ್ಲಿ ಏನೋ ಕೂಗಿದಳು. ಅಕ್ಷತಾ ಅಷ್ಟೇ ಜೋರಾಗಿ ತಿರುಗಿಸಿ ಹೇಳಿದಳು. ಸುತ್ತಲಿದ್ದವರೆಲ್ಲ ನಕ್ಕರು. ಈ ಸಲ ಅವಳೂ ಆ ನಗುವಿನ ಒಳಗಿದ್ದಳು. ಗಂಟೆ ಹೊಡೆಯಿತು.

"ನಡಿ, ಒಳಗ ಹೋಗು" ಎಂದೆ.

"ನೀವು ಆಫೀಸಿಗೆ ಬರುವುದಿಲ್ವಾ?"

"ಇಲ್ಲ. ಬಸ್ಸಿಗೆ ಹೊತ್ತಾಗತದ."

ಅವಳು ಒಂದು ಕ್ಷಣ ನನ್ನ ತೋಳು ಹಿಡಿದು ನಿಂತಳು. ಆಮೇಲೆ ಓಡಿದಳು.

ಚೀಲ ತರಲು ಹೋದಾಗ ಯಶೋದಕ್ಕ ದಾರಿಗೆಂದು ಬಾಳೆಎಲೆಯಲ್ಲಿ ನೀರುದೋಸೆ ಕಟ್ಟಿಕೊಟ್ಟರು. "ಮೀನಿನ ಪಾತ್ರೆ ಮುಟ್ಟಿಸಲಿಲ್ಲ, ಧೈರ್ಯದಲ್ಲಿ ತಿನ್ನಿ" ಎಂದರು. ಬಿಜೈಯಿಂದ ಬಸ್ಸು ಹೊರಟಾಗ ನನ್ನ ಪಕ್ಕದ ಸೀಟು ಖಾಲಿಯೇ ಇತ್ತು. ಉಡುಪಿಯಲ್ಲಿ ಯಾರೋ ಬಂದು ಕುಳಿತರು.

ಮನೆಯಲ್ಲಿ ಅವ್ವ ಬಾಗಿಲಾಚೆ ನೋಡಿ, "ಹುಡುಗಿ?" ಎಂದಳು. "ಸಾಲಿ ಮುಗಿಸಿ ಬರತಾಳ" ಎಂದೆ. ಈಗ ಸಂಜೆ ಅಕ್ಷತಾ ಫೋನ್ ಮಾಡುತ್ತಾಳೆ. ಓದುತ್ತಿದ್ದೇನೆ ಎನ್ನುತ್ತಾಳೆ, ಊಟ ಆಯ್ತಾ ಎಂದು ಕೇಳುತ್ತಾಳೆ. ನಾನು ರೊಟ್ಟಿ ಮಾಡುವುದನ್ನು ಕಲಿಯುತ್ತಿದ್ದೇನೆ, ದುಂಡಗೆ ಬರುವುದಿಲ್ಲ. ಜೆಪ್ಪುವಿನ ಎರಡನೆಯ ತರಗತಿಯಲ್ಲಿ ಇನ್ನು ಕೆಲವು ದಿನ ಮಕ್ಕಳು ನೀಲಾಳ ಹಾಗೆ ಮಾತಾಡುತ್ತಾರೆ. ಅವಳ ಧ್ವನಿಗಾಗಿ ನನ್ನ ಫೋನಿನಲ್ಲಿ ಹುಡುಕಿದೆ, ಅಕ್ಷತಾ ತನ್ನ ಫೋನಿನಲ್ಲಿ ಹುಡುಕಿದಳು. ಫೋಟೋಗಳು ಬಹಳ ಇವೆ. ಅವಳ ಧ್ವನಿ ಎಲ್ಲಿಯೂ ಇಲ್ಲ.