ಪಾರ್ಕಿಂಗಿನಿಂದ ಕಾಣುವ ದೀಪ

"ಏಳೂವರೆಗೆ ಎಲ್ಲರೂ ಗಾಡಿ ಹತ್ರ ಇರ್ಬೇಕು. ಲೇಟ್ ಮಾಡ್ಬೇಡಿ ಮತ್ತೆ."

ಹೀಗೆ ಹೇಳಿ ನಮ್ಮನ್ನು ಬಿಳಗಿಯ ಉತ್ಸವದ ಗೇಟಿನ ಎದುರು ಇಳಿಸಿದ್ದು ಯಾವುದೋ ಬಾಡಿಗೆ ಡ್ರೈವರ್ ಅಲ್ಲ.

ನನ್ನ ಗಂಡ.

ನಮ್ಮದು ಟೆಂಪೋ ಟ್ರಾವೆಲರ್. ಬೇಸಿಗೆ ಬಂತೆಂದರೆ ಇಸಳೂರಿನ ನಮ್ಮ ಮನೆ ಇವರಿಗೆ ಸ್ನಾನ ಮಾಡಿ ಬಟ್ಟೆ ಬದಲಿಸುವ ಜಾಗ ಅಷ್ಟೇ. ಇವತ್ತು ಮದುವೆ ಪಾರ್ಟಿ, ನಾಳೆ ಉತ್ಸವ, ನಾಡಿದ್ದು ಯಾವುದೋ ಊರಿನ ಕೆರೆ ಹಬ್ಬ.

ಈ ಮೂರು ತಾಲೂಕಿನಲ್ಲಿ ಇವರು ಹೋಗದ ಉತ್ಸವವೇ ಇಲ್ಲ. ಆದರೆ ಅಲ್ಲಿ ಏನಿತ್ತು ಅಂತ ಕೇಳಿದರೆ, ಎಲ್ಲಿ ನೆರಳಿತ್ತು, ಯಾವ ಹೋಟೆಲಿನಲ್ಲಿ ಚಹಾ ಚೆನ್ನಾಗಿತ್ತು ಅಂತ ಹೇಳುತ್ತಾರೆ!

ಈ ಸಲ ನಾನು ಹಟ ಹಿಡಿದೆ. ಉತ್ಸವದ ಮೊದಲ ದಿನ ಬುಕಿಂಗ್ ತೆಗೆದುಕೊಳ್ಳುವ ಹಾಗಿಲ್ಲ, ನಾವೇ ಹೋಗೋಣ ಅಂದೆ. ನಾನು ಅಜ್ಜಿ ಮನೆಯಲ್ಲಿದ್ದು ಶಾಲೆ ಕಲಿತದ್ದು ಬಿಳಗಿಯಲ್ಲಿ. ಅಲ್ಲಿನ ಕೆರೆಗೆ ದೀಪ ಇಡುವುದನ್ನು ಇವರ ಜೊತೆ ನಿಂತು ಒಮ್ಮೆ ನೋಡಬೇಕು ಅನ್ನುವುದು ಮದುವೆಯಾದಾಗಿನಿಂದ ಇದ್ದ ಆಸೆ.

ಬಂದರು. ಗೇಟಿನ ತನಕ.

"ನೀವು ಹೋಗ್ತಿರಿ, ನಾ ಗಾಡಿ ಹಾಕಿ ಬರ್ತೆ."

ಅತ್ತೆ, ಮಗಳು, ನಾನು ಒಳಗೆ ಹೋದೆವು. ಸ್ಟೇಜಿನಲ್ಲಿ ಭಾಷಣ ನಡೆದಿತ್ತು. ಅರಸರ ವಂಶಾವಳಿ ಹಿಡಿದು ಹೊರಟವರು ಇನ್ನೂ ಬಿಳಗಿಗೆ ಬಂದು ತಲುಪಿರಲಿಲ್ಲ.

ಮಗಳಿಗೆ ಹಳೇ ಬಾವಿ ತೋರಿಸಿದೆ, ಅತ್ತೆಗೆ ಬಸದಿ ತೋರಿಸಿದೆ. ಬಾಯಿ ಮಾತಾಡುತ್ತಿತ್ತು, ಕಣ್ಣು ಮಾತ್ರ ಗೇಟಿನ ಕಡೆಗೇ.

ಫೋನ್ ಮಾಡಿದರೆ ಪಾರ್ಕಿಂಗಿನಲ್ಲಿ ನೆಟ್‌ವರ್ಕ್ ಇಲ್ಲ. ಅರ್ಧ ಗಂಟೆ ಆಯಿತು... ಒಂದು ಗಂಟೆ ಆಯಿತು...

"ಅವ ಬರೂದಿಲ್ಲ ಬಿಡೇ," ಅಂದರು ಅತ್ತೆ, ಐಸ್‌ಕ್ರೀಮ್ ತಿನ್ನುತ್ತ. "ಸಣ್ಣಿರುವಾಗಿಂದೂ ಹಾಂಗೇ. ನೀ ಎಂತಕ್ಕೆ ತಲೆ ಕೆಡಿಸ್ಕಳ್ತೆ?"

ತಲೆ ಕೆಟ್ಟಾಗಿತ್ತು. ಇಬ್ಬರನ್ನೂ ಕೆರೆಯ ದಂಡೆಯ ಮೇಲೆ ಕೂರಿಸಿ, ಪಾರ್ಕಿಂಗ್ ಕಡೆಗೆ ಬಿರಬಿರನೆ ನಡೆದೆ.

ನೋಡಿದರೆ ಹಲಸಿನ ಮರದ ಕೆಳಗೆ ಚಾಪೆ ಹಾಸಿದೆ. ಏಳೆಂಟು ಜನ ಡ್ರೈವರುಗಳು, ಪೇಪರಿನ ಮೇಲೆ ಮಂಡಕ್ಕಿ, ನಡುವೆ ನಮ್ಮವರು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ.

ಮನೆಯಲ್ಲಿ ಇವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದೇ ಇಲ್ಲ! ಸಿಟ್ಟಿಗಿಂತ ಬೇಜಾರೇ ಹೆಚ್ಚಾಯಿತು.

ಯಲ್ಲಾಪುರದ ಬಾಷಾ ಭಾಯಿ ನನ್ನನ್ನು ನೋಡಿ ಸರಿದು ಜಾಗ ಮಾಡಿದರು. "ಬನ್ನಿ ಭಾಬಿ, ಮಂಡಕ್ಕಿ ತಗೊಳ್ಳಿ."

"ಮಂಡಕ್ಕಿ ಬೇಡ ಭಾಯಿ. ನನ್ನ ಗಂಡನ್ನ ಕೊಡಿ ಸಾಕು."

ಎಲ್ಲರೂ ನಕ್ಕರು. ಇವರು ಮಾತ್ರ ಮುಖ ಸಣ್ಣ ಮಾಡಿಕೊಂಡರು. "ಗಾಡಿ ಬಿಟ್ಟು ಹ್ಯಾಂಗೆ ಬರೂದೇ ಮಾರಾಯ್ತಿ? ಪಾರ್ಟಿಯವರ ಬ್ಯಾಗ್ ಎಲ್ಲ ಒಳಗಿರ್ತದೆ. ಯಾರಿಗಾದ್ರೂ ಸುಸ್ತಾಗಿ ವಾಪಸ್ ಬಂದ್ರೆ?"

"ಯಾವ ಪಾರ್ಟಿ? ಇವತ್ತಿನ ಪಾರ್ಟಿ ನಾವೇ. ನಮ್ಮ ಬ್ಯಾಗ್ ನನ್ನ ಹೆಗಲ ಮೇಲಿದೆ."

ನನ್ನ ಬ್ಯಾಗ್ ನೋಡಿದರು. ನಿಜವಾಗಿಯೂ ಮರೆತಿದ್ದರು, ಪಾಪ.

ಬಾಷಾ ಭಾಯಿ ಕೈ ಬೀಸಿದರು. "ನೀ ಹೋಗಾ. ಗಾಡಿ ನಾನು ನೋಡ್ತೆ."

ಅಂತೂ ಎದ್ದರು. ಆದರೆ ಮುಳ್ಳಿನ ಮೇಲೆ ನಡೆಯುವವರ ಹಾಗೆ. ಬೆರಳಲ್ಲಿ ಕೀ ತಿರುಗಿಸುತ್ತ, ಹಿಂದೆ ಹಿಂದೆ ನೋಡುತ್ತ... "ಹ್ಯಾಂಡ್‌ಬ್ರೇಕ್ ಹಾಕಿದ್ನಾ?" ಅಂತ ಎರಡು ಸಲ ನನ್ನನ್ನೇ ಕೇಳಿದರು. ನನಗೇನು ಗೊತ್ತು!

ಕೆರೆಯ ಹತ್ತಿರ ಬರುವಾಗ ಹಣತೆ ಹಚ್ಚಲು ಶುರು ಮಾಡಿದ್ದರು. ಬೇಸಿಗೆಯಲ್ಲಿ ನೀರು ಇಳಿದು ಕೆಳಗಿನ ಮೆಟ್ಟಿಲುಗಳೆಲ್ಲ ಬಯಲಾಗಿರುತ್ತವೆ, ಹಾಗಾಗಿ ದೀಪವೂ ಹೆಚ್ಚು. ಮೇಲಿನ ಮೆಟ್ಟಿಲಿನಿಂದ ನೀರಿನ ಅಂಚಿನ ತನಕ, ಸುತ್ತಲೂ. ನೀರಿನಲ್ಲಿ ಇನ್ನೊಂದಿಷ್ಟು.

ಇವರ ಕೈಯಲ್ಲಿದ್ದ ಕೀ ಸದ್ದು ನಿಂತಿತು.

ಆಮೇಲೆ ಮೆಲ್ಲಗೆ ಅಂದರು, "ಅಲ್ಲಿಂದ ನೋಡಿದ್ರೆ ಹಲಸಿನ ಮರದ ಮೇಲೆ ಸ್ವಲ್ಪ ಬೆಳಕು ಬೀಳ್ತದೆ. ನಾ ನೋಡಿದ್ದು ಅಷ್ಟೇಯಾ."

ಮತ್ತೆ ಕೇಳಿದರು, "ಪ್ರತಿ ವರ್ಷ ಹೀಂಗೇ ಇರ್ತದಾ?"

ಪ್ರತಿ ವರ್ಷ ಬರುವ ಮನುಷ್ಯ ನನ್ನನ್ನು ಕೇಳುತ್ತಿದ್ದಾರೆ! ಹೌದು ಅಂತ ತಲೆ ಆಡಿಸಿದೆ.

ಮಗಳು ಬಿಡಬೇಕಲ್ಲ. "ಅಪ್ಪಾ, ಏಳೂವರೆ ಆಯ್ತು. ಗಾಡಿ ಹತ್ರ ಇರ್ಬೇಕಲ್ಲ?"

"ಸುಮ್ನಿರೇ. ಇನ್ನೊಂಚೂರು."

ಇದು ಮೊನ್ನೆಯ ಕತೆ.

ನಿನ್ನೆ ಉತ್ಸವದ ಎರಡನೇ ದಿನ. ಸಿರ್ಸಿಯಿಂದ ಒಂದು ಪಾರ್ಟಿ ಹಾಕಿಕೊಂಡು ಇವರು ಮತ್ತೆ ಬಿಳಗಿಗೆ ಹೋದರು. ನಾನು ಒಲೆಯ ಮುಂದಿದ್ದೇನೆ, ಸಂಜೆ ಫೋನ್ ಬರುತ್ತದೆ. ಹಿಂದೆ ಜನರ ಗದ್ದಲ.

"ಎಲ್ಲಿದ್ದೀರಿ?"

"ಕೆರೆ ದಂಡೆ ಮೇಲೆ. ಇಲ್ಲಿ ನೆಟ್‌ವರ್ಕ್ ಸಿಗ್ತದೆ ಮಾರಾಯ್ತಿ, ನಂಗೆ ಗೊತ್ತೇ ಇರ್ಲಿಲ್ಲ."

"ಮತ್ತೆ ಗಾಡಿ?"

"ನಾವೆಲ್ಲ ಪಾಳಿ ಮಾಡ್ಕಂಡಿದೇವೆ. ಅರ್ಧ ಜನ ಗಾಡಿ ನೋಡೂದು, ಅರ್ಧ ಜನ ದೀಪ ನೋಡೂದು. ನಂದು ಮುಗೀತು, ಈಗ ಬಾಷಾನ್ನ ಕಳಿಸ್ಬೇಕು. ಅಂವನೂ ಒಮ್ಮೆಯೂ ನೋಡ್ಲಿಲ್ಲಂತೆ."

ಫೋನ್ ಇಟ್ಟರು. ಖುಷಿಯಾಯಿತು... ಆಮೇಲೆ ಶುರುವಾಯಿತು ನೋಡಿ ನನಗೆ ಚಡಪಡಿಕೆ. ಗಾಡಿ ಕಾಯುವವರು ನಿದ್ದೆ ಹೊಡೆದರೆ? ಹ್ಯಾಂಡ್‌ಬ್ರೇಕ್ ಹಾಕಿದ್ದಾರಾ ಇಲ್ಲವಾ?

ನಿಮ್ಮ ಟ್ರಿಪ್ ಫೋಟೋಗಳನ್ನು ಒಮ್ಮೆ ತೆಗೆದು ನೋಡಿ... ಗಾಡಿ ಓಡಿಸಿದವರು ಒಂದರಲ್ಲಾದರೂ ಇದ್ದಾರಾ?