ಲಾರೆನ್ಸರ ಕೊರಳಿನ ಟೈ

ಶಾಲೆಗೆ ಹೋಗುವ ಮಕ್ಕಳಿರುವ ಮನೆ ನಿಮ್ಮದಾದರೆ ಆ ಸಿದ್ಧ ಟೈಯನ್ನು ನೀವೂ ಬಲ್ಲಿರಿ: ಹಿಂದೆ ಇಲಾಸ್ಟಿಕ್ಕು, ಮುಂದೆ ಎಂದೂ ಬಿಚ್ಚದ ಗಂಟು, ತಲೆಯ ಮೇಲಿಂದ ಇಳಿಸಿದರೆ ಅಲಂಕಾರ ಮುಗಿಯಿತು. ಅಂಥದ್ದೇ ಒಂದು, ದೊಡ್ಡವರ ಅಳತೆಯದು, ಶಕ್ತಿನಗರದ ನಮ್ಮ ನೆರೆಮನೆಯ ಮಂಚದ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟು ಕುಳಿತಿದ್ದ ಲಾರೆನ್ಸ್ ಪೊರ್ಬುಗಳು (ಕ್ರೈಸ್ತ ಹಿರಿಯರನ್ನು ನಮ್ಮ ಕಡೆ ಕರೆಯುವುದೇ ಹಾಗೆ) ಮುಖ ತಿರುಗಿಸಿಕೊಂಡಿದ್ದರು.

ಅವರ ಮಗಳು ಶರ್ಲಿಯ ಮದುವೆಯ ಬೆಳಿಗ್ಗೆ ಅದು. ಇಗರ್ಜಿಗೆ ಹೊರಡಲು ಅರ್ಧ ಗಂಟೆಯೂ ಇರಲಿಲ್ಲ. ಮಳೆಗಾಲದಲ್ಲಿ ಪಾರ್ಶ್ವವಾಯು ಬಡಿದು ಅವರ ಬಲಗೈ ಸೋತಿದ್ದರಿಂದ, ಪಾಪ, ಶರ್ಲಿಯೇ ಅಂಗಡಿ ಅಂಗಡಿ ಸುತ್ತಿ ಆ ಟೈ ತಂದಿದ್ದಳು.

"ಬೆಳಿಗ್ಗೆಯಿಂದ ಇದೇ ಹಟ," ಎಂದರು ಅವರ ಹೆಂಡತಿ ಸೆವ್ರಿನ್ ಬಾಯಿ. "ಇದನ್ನು ಹಾಕಿಕೊಂಡು ಮಗಳ ಜೊತೆ ನಡೆಯುವುದಿಲ್ಲವಂತೆ. ಹಿಂದಿನ ಬೆಂಚಿನಲ್ಲಿ ಕೂತ್ಕೊಳ್ತಾರಂತೆ. ನೀವಾದ್ರೂ ಹೇಳಿ ಶೆಟ್ರೇ."

ನಾನು ಆ ಸಿದ್ಧ ಟೈಯನ್ನು ಎತ್ತಿ ನೋಡಿದೆ. ಲಾರೆನ್ಸರು ಮೂವತ್ತು ವರ್ಷ ಹೋಟೆಲಿನ ರಿಸೆಪ್ಷನ್ನಿನಲ್ಲಿ ನಿಂತ ಮನುಷ್ಯ. ಟೈ ಅಂಗಿಗಿಂತ ಗಾಢವಾಗಿರಬೇಕು, ತುದಿ ಬೆಲ್ಟಿನ ಬಕ್ಕಲನ್ನು ಮುಟ್ಟಿ ನಿಲ್ಲಬೇಕು, ಗಂಟಿನ ಕೆಳಗೆ ಕೆನ್ನೆಯ ಗುಳಿಯಂಥ ಸಣ್ಣ ಕುಳಿ ಮೂಡಬೇಕು ಎಂದು ಹೊಸಬರಿಗೆಲ್ಲ ತಿದ್ದಿ ಕಲಿಸಿದವರು. ಪಂಚೆಯ ಗಂಟನ್ನುಳಿದು ಬೇರೇನೂ ಅರಿಯದ ನನ್ನ ಕೈಯಲ್ಲೂ, ಕಳೆದ ವರ್ಷ ನನ್ನ ಮಗನ ಆರತಕ್ಷತೆಯ ದಿನ, ನಾಲ್ಕು ಸಲ ಬಿಚ್ಚಿಸಿ ಕಟ್ಟಿಸಿದ್ದರು. ಅಂಥವರ ಕೊರಳಿಗೆ ಇಲಾಸ್ಟಿಕ್ಕು.

ಕಪಾಟಿನಿಂದ ಅವರದೇ ಕಡುನೀಲಿ ರೇಷ್ಮೆಯ ಟೈ ತೆಗೆದೆ. ನನಗೆ ಕಟ್ಟಲು ಬರುವುದು ನನ್ನ ಕೊರಳಿಗೆ ಮಾತ್ರ. ಹಾಗಾಗಿ ಮೊದಲು ನಾನೇ ಕಟ್ಟಿಕೊಂಡು, ಸಡಿಲಿಸಿ ತೆಗೆದು ಅವರಿಗೆ ಹಾಕಿದೆ. ನಾನು ಅವರಿಗಿಂತ ಒಂದು ಗೇಣು ಎತ್ತರ. ತುದಿ ಬೆಲ್ಟನ್ನು ದಾಟಿ ನೇತಾಡಿತು.

"ಉದ್ದ ಆಯ್ತು," ಎಂದರು ತೊದಲುತ್ತಾ. ಆ ದಿನ ನನ್ನೊಡನೆ ಆಡಿದ ಮೊದಲ ಮಾತು ಅದು.

"ಹಾಗಾದ್ರೆ ಎಂತ ಮಾಡುವ?"

"ಹಿಂದೆ ಬನ್ನಿ. ಕನ್ನಡಿ ನೋಡಿ ಕಟ್ಟಿ."

ಅವರನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಬೆನ್ನಿಗೆ ಎದೆಯೊತ್ತಿ, ಹೆಗಲಿನ ಮೇಲಿಂದ ಎರಡೂ ಕೈ ಚಾಚಿದೆ. ಇಷ್ಟು ವರ್ಷದ ನೆರೆಹೊರೆಯಲ್ಲಿ ಕಾಂಪೌಂಡಿನ ಆಚೀಚೆ ನಿಂತು ಎಷ್ಟು ಹರಟಿದ್ದೇವೋ ಲೆಕ್ಕವಿಲ್ಲ. ಅವರನ್ನು ತಬ್ಬಿಕೊಳ್ಳುವ ಸಂದರ್ಭ ಮಾತ್ರ ಎಂದೂ ಬಂದಿರಲಿಲ್ಲ. ಗಂಡಸರಾದ ನಾವು ಅಕ್ಕರೆಗೆ ಎಷ್ಟು ನೆಪ ಹುಡುಕುತ್ತೇವೆ ನೋಡಿ. ಮೂಳೆ ಕೈಗೆ ಸಿಗುವಷ್ಟು ಬಡವಾಗಿದ್ದರು. "ಮೇಲಿಂದ... ಈಗ ಒಳಗೆ... ಎಳೆಯಬೇಡಿ, ನಿಧಾನ," ಎನ್ನುತ್ತಾ ಅವರು ಹಳೆಯ ಮೇಷ್ಟ್ರಾದರು. ಮೂರನೆಯ ಸಲಕ್ಕೆ ತುದಿ ಬಕ್ಕಲಿಗೆ ಸರಿಯಾಗಿ ಬಂದು ನಿಂತಿತು. ಕುಳಿ ಮೂಡಲಿಲ್ಲ; ಗಂಟು ತುಸು ಎಡಕ್ಕೆ ವಾಲಿತ್ತು. ಮತ್ತೆ ಬಿಚ್ಚಹೊರಟವನ ಕೈಯನ್ನು ಅವರು ಎಡಗೈಯಿಂದ ಹಿಡಿದರು.

"ಸಾಕು. ಶರ್ಲಿ ಕಾಯ್ತಾಳೆ."

ಇಗರ್ಜಿಯಲ್ಲಿ ಅವರು ಕಾಲೆಳೆಯುತ್ತಾ ಮಗಳೊಡನೆ ಬಲಿಪೀಠದವರೆಗೂ ನಡೆದರು. ಆಮೇಲೆ ಮೆಟ್ಟಿಲ ಮೇಲೆ ಎಲ್ಲರೂ ಫೋಟೋಕ್ಕೆ ನಿಂತಾಗ, ಛಾಯಾಗ್ರಾಹಕ ಒಂದು ಕಣ್ಣು ಕಿರಿದುಗೊಳಿಸಿ ನೋಡಿ, "ಅಂಕಲ್, ಟೈ ಸ್ವಲ್ಪ ಓರೆ ಉಂಟು," ಎಂದು ಸರಿಪಡಿಸಲು ಕೈ ಚಾಚಿದ.

ಲಾರೆನ್ಸ್ ಹಿಂದೆ ಸರಿದರು.

"ಮುಟ್ಟಬೇಡ. ಅದು ಶೆಟ್ರು ಕಟ್ಟಿದ್ದು."